ಔಷಧಿ ಎಂದು ಕರೆದ ವಿಷ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಅಂಗಳದಲ್ಲಿ ನಾನು ಮಾತಾಡಲು ನಿಂತಿರುವುದು ಇದು ಎರಡನೇ ಸಲ. ಮೊದಲನೇ ಸಲ ಎಂಟನೇ ತರಗತಿಯಲ್ಲಿ, ಆಗಸ್ಟ್ 15ರಂದು. ಬಾಯಿಪಾಠ ಮಾಡಿಕೊಂಡು ಬಂದಿದ್ದ ಭಾಷಣ ಅರ್ಧಕ್ಕೇ ಮರೆತುಹೋಗಿ ಅಳುತ್ತ ಕೆಳಗಿಳಿದಿದ್ದೆ. ಅದಕ್ಕೇ ಇವತ್ತು ಬರೆದುಕೊಂಡು ಬಂದಿದ್ದೇನೆ.

ನಾನು ಏನು ಕೆಲಸ ಮಾಡುತ್ತೇನೆ ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ವಿಷವಿಜ್ಞಾನ ಎಂದರೆ, "ಹಾವಿನ ವಿಷ ಇಳಿಸೋದೇನವಾ?" ಎನ್ನುತ್ತೀರಿ. ಅಲ್ಲ. ಹೊಲಕ್ಕೆ ಸಿಂಪಡಿಸುವ ಕೀಟನಾಶಕ, ನೀರಿನಲ್ಲಿರುವ ಆರ್ಸೆನಿಕ್, ಬಣ್ಣದಲ್ಲಿ ಬ್ಯಾಟರಿಯಲ್ಲಿ ಇರುವ ಸೀಸ, ಇವು ಮನುಷ್ಯನ ಮೈಯೊಳಗೆ ಹೇಗೆ ಸೇರುತ್ತವೆ, ಎಷ್ಟು ಸೇರಿವೆ, ಸೇರಿ ಏನು ಮಾಡುತ್ತವೆ ಎಂದು ನೋಡುವುದು ನನ್ನ ಕೆಲಸ. ಇದನ್ನು ಕಲಿಯಲು ದೂರದ ಊರುಗಳಿಗೆ ಹೋದೆ. ಆದರೆ ಮೊದಲ ಪಾಠ ಆಗಿದ್ದು ಇಲ್ಲೇ, ಇದೇ ಶಾಲೆಯಲ್ಲಿ. ಅದನ್ನು ಇವತ್ತು ಮುಚ್ಚುಮರೆ ಇಲ್ಲದೆ ಹೇಳಬೇಕು ಎಂದುಕೊಂಡಿದ್ದೇನೆ.

ಹಿರಿಯರಿಗೆ ನೆನಪಿರುತ್ತದೆ, ನಮ್ಮದು ಆಗ ಧಾರವಾಡ ಜಿಲ್ಲೆ. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಕೊಟ್ಟರು. ಆಮೇಲೆ ಡಿಸಿಎಚ್-32 ಬಂತು, ನಾವು ಜಯಲಕ್ಷ್ಮಿ ಎಂದು ಕರೆದದ್ದು. ಉದ್ದ ಎಳೆಯ ಒಳ್ಳೆಯ ಹತ್ತಿ. ಎಷ್ಟೋ ಮನೆಗಳಿಗೆ ಹೆಂಚು ಬಂದದ್ದು, ಹೆಣ್ಣುಮಕ್ಕಳ ಮದುವೆ ಆದದ್ದು ಆ ಹತ್ತಿಯಿಂದ. ನಾನು ಹೈಸ್ಕೂಲಿಗೆ ಬಂದದ್ದೂ ಅದೇ ದುಡ್ಡಿನಲ್ಲಿ. ಆದರೆ ಹತ್ತಿಯ ಹಿಂದೆಯೇ ಕಾಯಿಕೊರಕ ಹುಳು ಬಂತು, ಹುಳುವಿನ ಹಿಂದೆ ಡಬ್ಬಿಗಳು ಬಂದವು. ಅಲ್ಲಿಯವರೆಗೆ ನಮಗೆ ಗೊತ್ತಿದ್ದದ್ದು ಬಿಎಚ್‌ಸಿ ಪುಡಿ. ಅದನ್ನು ಬೆಳೆಗೂ ಉಗ್ಗುತ್ತಿದ್ದೆವು, ಕಾಳಿನ ಚೀಲಕ್ಕೂ ಹಾಕುತ್ತಿದ್ದೆವು, ಹೇನಿಗೆಂದು ಹುಡುಗಿಯರ ತಲೆಗೂ ಹಚ್ಚುತ್ತಿದ್ದೆವು. ನನ್ನ ತಲೆಗೂ ಹಚ್ಚಿದ್ದರು.

ಡಬ್ಬಿಯಲ್ಲಿ ಬಂದ ದ್ರವಕ್ಕೆ ನಾವು ಇಟ್ಟ ಹೆಸರು ನೋಡಿ: ಎಣ್ಣಿ. "ಇವತ್ತು ಎಣ್ಣಿ ಹೊಡಿಯೂದೈತಿ." ಸ್ವಲ್ಪ ನಾಜೂಕಾಗಿ ಮಾತಾಡುವವರು ಔಷಧಿ ಎಂದರು. ಅಡುಗೆಮನೆಯ ಹೆಸರು ಒಂದು, ಆಸ್ಪತ್ರೆಯ ಹೆಸರು ಇನ್ನೊಂದು. ವಿಷ ಎಂದು ಯಾರೂ ಕರೆಯಲಿಲ್ಲ. ಔಷಧಿ ಎಂದು ಕರೆದ ಮೇಲೆ ಅದಕ್ಕೆ ಹೆದರುವವರು ಯಾರು?

1983ರ ದಸರೆಯ ಹಿಂದುಮುಂದಿನ ದಿನಗಳು. ನಾನು ಒಂಬತ್ತನೇ ತರಗತಿ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದೆ. ಅಣ್ಣ ಬೆನ್ನಿಗೆ ಪಂಪು ಕಟ್ಟಿಕೊಂಡು ಹತ್ತಿಗೆ ಹೊಡೆಯುತ್ತಿದ್ದ. ಬಾವಿಯಿಂದ ನೀರು ತರುವುದು, ಬಕೆಟ್ಟಿನಲ್ಲಿ ಎಣ್ಣಿ ಕಲಸಿ ಕೊಡುವುದು ನನ್ನ ಪಾಲಿನ ಕೆಲಸ. ಅಳತೆ ಅಂದರೆ ಡಬ್ಬಿಯ ಮುಚ್ಚಳ. ಅಂಗಡಿಯವರು ಪಂಪಿಗೆ ಎರಡು ಮುಚ್ಚಳ ಹಾಕಲು ಹೇಳಿದ್ದರಂತೆ. ಹುಳು ಸಾಯುತ್ತಿಲ್ಲ ಎಂದು ಅಪ್ಪ ಮೂರು ಹಾಕು ಎಂದಿದ್ದ. ನಾನು ಮೂರು ಹಾಕಿದೆ. ಕೋಲು ಸಿಗದಿದ್ದಾಗ ಅಣ್ಣ ಕೈಯಿಂದಲೇ ಕಲಸಿದ. ನಾಜಲ್ ಕಟ್ಟಿಕೊಂಡಾಗ ಬಾಯಿಂದ ಊದಿದ. ಪಂಪು ಸೋರಿ ಅವನ ಬೆನ್ನು, ಎದೆಯೆತ್ತರದ ಗಿಡದ ನಡುವೆ ನಡೆದು ಅವನ ಚಡ್ಡಿ, ಎರಡೂ ತೊಯ್ದು ಹೋಗಿದ್ದವು.

ಡಬ್ಬಿಯ ಜೊತೆ ಒಂದು ಮಡಚಿದ ಕಾಗದ ಇತ್ತು. ಸಣ್ಣ ಅಕ್ಷರ, ಅದರಲ್ಲಿ ಕನ್ನಡವೂ ಇತ್ತು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಅಣ್ಣ ಮೂರನೇ ಇಯತ್ತೆಗೆ ಶಾಲೆ ಬಿಟ್ಟಿದ್ದ. ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ. ಆ ಕಾಗದವನ್ನು ನಾನು ಓದಲಿಲ್ಲ. ಅದರಲ್ಲಿ ರೊಟ್ಟಿಯ ಮೇಲಿನ ಚಟ್ನಿ ಒರೆಸಿ ಬಿಸಾಕಿದೆ.

ಸಂಜೆ ಮನೆಗೆ ಬರುವಷ್ಟರಲ್ಲಿ ಅಣ್ಣನ ಮೈಯೆಲ್ಲ ಬೆವರು. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೇಲಿಂದ ಮೇಲೆ ವಾಂತಿ. ತೊಡೆಯ ಮಾಂಸ ತಾನಾಗಿ ಅದುರುತ್ತಿತ್ತು. ಅವ್ವ ಗಾಳಿ ಸೋಕಿದೆ ಎಂದು ನಿಂಬೆಹಣ್ಣು ನಿವಾಳಿಸಿದಳು. ಉಸಿರು ಕಟ್ಟತೊಡಗಿದಾಗ ಚಕ್ಕಡಿ ಹೂಡಿದರು. ಓಣಿಯ ಹಿರಿಯರೊಬ್ಬರು ಅಪ್ಪನ ಕಿವಿಯಲ್ಲಿ ಹೇಳಿದರು: "ದವಾಖಾನಿಯೊಳಗ ಎಣ್ಣಿ ಸುದ್ದಿ ತಗೀಬ್ಯಾಡ. ಕುಡದಾನ ಅಂತಾರ. ಪೊಲೀಸ್ ಕೇಸ್ ಆಕ್ಕೇತಿ." ಅಪ್ಪ ತಲೆಯಾಡಿಸಿದ. ಬಿಸಿಲು ಹತ್ತಿದೆ ಎಂದು ಹೇಳುವುದೆಂದು ಮಾತಾಯಿತು.

ಆಗ ನಮ್ಮ ವಿಜ್ಞಾನದ ಸರ್ ಊರಲ್ಲೇ ಬಾಡಿಗೆ ಮನೆಯಲ್ಲಿದ್ದರು. ಗದ್ದಲ ಕೇಳಿ ಹೊರಗೆ ಬಂದವರು ನನ್ನನ್ನು ನೋಡಿ, "ಇವತ್ತು ಏನು ಕೆಲಸ ಮಾಡಿದ?" ಎಂದರು. ಅಪ್ಪನ ಮುಖ ನೋಡಿದೆ. ಆಮೇಲೆ, "ಎಣ್ಣಿ ಹೊಡದಾನ್ರಿ ಸರ್" ಎಂದೆ. "ಡಬ್ಬಿ ಎಲ್ಲಿದೆ? ಓಡು, ತಗೊಂಡು ಬಾ." ಬೇಲಿಯ ಬುಡದಲ್ಲಿದ್ದ ಡಬ್ಬಿ ತಂದೆ. ಸರ್ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಚಕ್ಕಡಿಗಿಂತ ಮುಂಚೆ ತಾಲ್ಲೂಕು ಆಸ್ಪತ್ರೆ ಮುಟ್ಟಿದರು. ನಾವು ಹೋಗುವಷ್ಟರಲ್ಲಿ ಡಾಕ್ಟರು ಡಬ್ಬಿಯ ಹೆಸರು ಓದಿ ಸಿದ್ಧವಾಗಿದ್ದರು. ಮೋನೋಕ್ರೊಟೊಫಾಸ್. ಅಣ್ಣನ ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣದಾಗಿತ್ತು. ಬಟ್ಟೆ ಬಿಚ್ಚಿಸಿ ಸೋಪು ಹಾಕಿ ಮೈ ತೊಳೆಸಿದರು. ಅಟ್ರೊಪಿನ್ ಇಂಜೆಕ್ಷನ್ ಒಂದಾದ ಮೇಲೆ ಒಂದು ಕೊಡುತ್ತ ರಾತ್ರಿಯೆಲ್ಲ ನೋಡಿಕೊಂಡರು. ಅಣ್ಣ ಉಳಿದ.

ಸೋಮವಾರ ವಿಜ್ಞಾನದ ಪಿರಿಯಡ್ಡಿನಲ್ಲಿ ಸರ್ ಪಾಠ ಬಿಟ್ಟು ಹಲಗೆಯ ಮೇಲೆ ಮೂಲೆಯ ಮೇಲೆ ನಿಂತ ಒಂದು ಚೌಕ ಬರೆದು, ನಡುವೆ ಗೆರೆ ಎಳೆದು ಎರಡು ತ್ರಿಕೋನ ಮಾಡಿದರು. "ಇದು ಪ್ರತಿ ಡಬ್ಬಿಯ ಮೇಲೂ ಇರಬೇಕು, ಕಾನೂನಿದೆ. ಕೆಳಗಿನ ತ್ರಿಕೋನದ ಬಣ್ಣ ನೋಡಿ" ಎಂದರು. ಕೆಂಪು ಎಂದರೆ ಅತ್ಯಂತ ವಿಷಕಾರಿ. ಅದಕ್ಕಿಂತ ಕಡಿಮೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಕೆಂಪಿನ ಮೇಲಿನ ತ್ರಿಕೋನದಲ್ಲಿ ತಲೆಬುರುಡೆ, ಎರಡು ಎಲುಬು. ನಮ್ಮ ಡಬ್ಬಿಯ ಮೇಲಿದ್ದದ್ದು ಕೆಂಪು. ನನ್ನ ಹೆಸರು ಅವರು ಎತ್ತಲಿಲ್ಲ. ನಾನು ತಲೆ ಎತ್ತಲಿಲ್ಲ.

ಆ ಕಾನೂನಿಗೂ ಒಂದು ಕಥೆ ಇದೆ ಎಂದು ಆಮೇಲೆ ಓದಿ ತಿಳಿದುಕೊಂಡೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಆಹಾರದಲ್ಲಿ ಬೆರೆತು ನೂರಕ್ಕೂ ಹೆಚ್ಚು ಜನ ಸತ್ತರು. ಅದರ ವಿಚಾರಣೆ ನಡೆದು, 1968ರಲ್ಲಿ ಕೀಟನಾಶಕ ಕಾಯ್ದೆ, 1971ರಲ್ಲಿ ಅದರ ನಿಯಮಗಳು ಬಂದವು. ಡಬ್ಬಿಯ ಬಣ್ಣ, ಜೊತೆಗಿನ ಕಾಗದ ಎಲ್ಲ ಆ ನಿಯಮದ್ದೇ. ಅಂದರೆ ನಾನು ಚಟ್ನಿ ಒರೆಸಿ ಬಿಸಾಕಿದ ಕಾಗದದ ಹಿಂದೆ ನೂರು ಜನರ ಸಾವಿತ್ತು.

ಅಣ್ಣನ ಮೈಯಲ್ಲಿ ಆದದ್ದೇನು? ಮಕ್ಕಳೇ, ನಮ್ಮ ನರ ಒಂದು ಸ್ನಾಯುವಿಗೆ "ಕೆಲಸ ಮಾಡು" ಎಂದು ಹೇಳಬೇಕಾದರೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತದೆ. ಕೆಲಸ ಆದ ಕೂಡಲೇ ಅದನ್ನು ಗುಡಿಸಿ ಹಾಕಲು ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಇದೆ. ಈ ಜಾತಿಯ ಕೀಟನಾಶಕ ಆ ಗುಡಿಸುವವನ ಕೈ ಕಟ್ಟಿ ಹಾಕುತ್ತದೆ. ಆಗ ಅಪ್ಪಣೆ ನಿಲ್ಲುವುದೇ ಇಲ್ಲ. ಜೊಲ್ಲು ಸುರಿಯುತ್ತಲೇ ಇರುತ್ತದೆ, ಬೆವರು ನಿಲ್ಲುವುದಿಲ್ಲ, ಸ್ನಾಯು ಅದುರಿ ಅದುರಿ ಸೋಲುತ್ತದೆ, ಕೊನೆಗೆ ಉಸಿರಾಟ ನಿಲ್ಲುತ್ತದೆ. ಹುಳುವಿಗೆ ಆಗುವುದೂ ಇದೇ. ನಮಗೂ ಹುಳುವಿಗೂ ಈ ವಿಷಯದಲ್ಲಿ ವ್ಯತ್ಯಾಸ ಬಹಳ ಇಲ್ಲ. ಅಣ್ಣನನ್ನು ಉಳಿಸಿದ ಅಟ್ರೊಪಿನ್ ನಮ್ಮ ಬೇಲಿಯ ದತ್ತೂರಿ ಗಿಡದಲ್ಲೂ ಇರುವ ವಿಷವೇ. ಅಳತೆ ಗೊತ್ತಿರುವ ಡಾಕ್ಟರ ಕೈಯಲ್ಲಿ ಅದು ಔಷಧ. ಹಾಗೆಂದು ಮನೆಯಲ್ಲಿ ಯಾರೂ ದತ್ತೂರಿ ಅರೆಯಬೇಡಿ. ಅತಿಯಾದರೆ ಅಮೃತವೂ ವಿಷ ಎನ್ನುತ್ತೇವಲ್ಲ, ನನ್ನ ವಿಜ್ಞಾನದ ಅರ್ಧ ಭಾಗ ಆ ಗಾದೆಯಲ್ಲೇ ಇದೆ. ಉಳಿದ ಅರ್ಧ, ಎಷ್ಟಾದರೆ ಅತಿ ಎಂದು ಅಳೆಯುವುದು.

ಅಳೆಯಲು ದಾರಿ ಇದೆ. ಸಿಂಪಡಣೆ ಶುರುವಾಗುವ ಮೊದಲು ಒಮ್ಮೆ ರಕ್ತ ತೆಗೆದು ಆ ಕಿಣ್ವದ ಮಟ್ಟ ಬರೆದಿಟ್ಟುಕೊಳ್ಳಬೇಕು. ಹಂಗಾಮಿನಲ್ಲಿ ಮತ್ತೆ ನೋಡಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1974ರಿಂದ ಈ ಜಾತಿಯ ವಿಷ ಕಲಸುವ, ಸಿಂಪಡಿಸುವ ಕೆಲಸಗಾರರಿಗೆ ಈ ಪರೀಕ್ಷೆ ಕಡ್ಡಾಯ. ಮೊದಲಿನ ಮಟ್ಟಕ್ಕಿಂತ ನೂರಕ್ಕೆ ಇಪ್ಪತ್ತು ಇಳಿದರೆ ಕೆಲಸದ ರೀತಿ ಎಲ್ಲಿ ತಪ್ಪಿದೆ ಎಂದು ನೋಡಬೇಕು. ಇನ್ನೂ ಇಳಿದರೆ ಆ ಮನುಷ್ಯನನ್ನು ಆ ಕೆಲಸದಿಂದ ಬಿಡಿಸಬೇಕು. ನಮ್ಮ ಶಾಲೆಯಷ್ಟೇ ವಯಸ್ಸಿನ ನಿಯಮ ಅದು. ನಮ್ಮ ಹೊಲದ ಕೂಲಿಗೆ ಅಂಥ ಪರೀಕ್ಷೆ ಇನ್ನೂ ಮುಟ್ಟಿಲ್ಲ.

ಇಂಥ ಪರೀಕ್ಷೆಗಾಗಿ ನಾನು ಹಳ್ಳಿಗಳಿಗೆ ಹೋಗತೊಡಗಿದ ಹೊಸತರಲ್ಲಿ ಆದದ್ದನ್ನು ಹೇಳುತ್ತೇನೆ. ಹತ್ತಿ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳೊಬ್ಬಳು. ಜನ್ಮದಲ್ಲಿ ಪಂಪು ಮುಟ್ಟಿದವಳಲ್ಲ. ಆದರೂ ಅವಳ ಕಿಣ್ವದ ಮಟ್ಟ ಚೆನ್ನಾಗಿ ಇಳಿದಿತ್ತು. ವಿಚಾರಿಸಿದರೆ, ನಿನ್ನೆ ಹೊಡೆದ ಹೊಲದಲ್ಲಿ ಇವತ್ತು ಕಳೆ ತೆಗೆಯುತ್ತಾಳೆ, ಸಂಜೆ ಗಂಡನ ಎಣ್ಣಿ ಬಟ್ಟೆ ಒಗೆಯುತ್ತಾಳೆ, ಅದೇ ಕೈಯಲ್ಲಿ ಮಗುವಿಗೆ ತುತ್ತು ಕೊಡುತ್ತಾಳೆ. ನಾನು ವರದಿಯ ಚೀಟಿ ಕೊಟ್ಟು ಹೊಲದಿಂದ ದೂರ ಇರಬೇಕು ಎಂದೆ. ಅವಳು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು: "ಅಕ್ಕಾರ, ನಾಳೆ ಕೂಲಿಗೆ ಹೋಗಬ್ಯಾಡ ಅಂತೀರಿ. ಕೂಲಿ ನೀವು ಕೊಡ್ತೀರೇನ್ರಿ?"

ನನ್ನಲ್ಲಿ ಉತ್ತರ ಇರಲಿಲ್ಲ. ರಕ್ತ ತೆಗೆದುಕೊಂಡು ಹೋಗಿ, ಲೇಖನ ಬರೆದು, ಹೆಸರು ಮಾಡುವುದು ನನಗಾಯಿತು. ಅವಳಿಗೇನಾಯಿತು? ಅಂದಿನಿಂದ ಕೆಲಸದ ರೀತಿ ಬದಲಿಸಿದೆ. ವರದಿಯನ್ನು ಕೈಯಲ್ಲಿ ಕೊಟ್ಟು, ಕೂತು ವಿವರಿಸದೆ ಬರುವುದಿಲ್ಲ. ಹೊಲದ ಮಾಲೀಕರನ್ನೂ ಕರೆದು ಮಾತಾಡುತ್ತೇನೆ. ಸಿಂಪಡಿಸಿದ ಹೊಲಕ್ಕೆ ಕೂಡಲೇ ಆಳು ಇಳಿಸಬೇಡಿ, ಕಾಗದದಲ್ಲಿ ಬರೆದಷ್ಟು ದಿನ ಬಿಟ್ಟು ಕರೆಯಿರಿ, ಅಷ್ಟು ದಿನ ಬೇರೆ ಹೊಲದಲ್ಲಿ ಕೆಲಸ ಕೊಡಿ ಎಂದು ಕೇಳುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ನಗುತ್ತಾರೆ.

ಇದು ಅದೇ ದಿನ ಕೆಡವುವ ವಿಷದ ಮಾತಾಯಿತು. ಇನ್ನೊಂದು ಬಗೆಯ ವಿಷ ಇದೆ. ಅದು ಕೆಡವುವುದಿಲ್ಲ, ಮೈಯಲ್ಲಿ ಮನೆ ಮಾಡಿಕೊಂಡು ಕೂರುತ್ತದೆ. ಸೀಸ ಅಂಥದ್ದು. ಮೈ ಅದನ್ನು ಸುಣ್ಣದ ಅಂಶ ಎಂದು ತಿಳಿದು ಎಲುಬಿನಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿ ಅದು ಹತ್ತಾರು ವರ್ಷ ಇರುತ್ತದೆ. ಹುಡುಗಿಯಾಗಿದ್ದಾಗ ಸೇರಿದ ಸೀಸ, ಬಸಿರಾದಾಗ ಎಲುಬಿನಿಂದ ಕರಗಿ ಹೊಟ್ಟೆಯ ಕೂಸಿಗೆ ಹೋಗುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ಸಣ್ಣ ಮಕ್ಕಳ ಮೈ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಅದು ಮಗುವಿನ ಬುದ್ಧಿಯ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಪಾಠ ತಲೆಗೆ ಹತ್ತದ ಹುಡುಗನನ್ನು ನಾವು ದಡ್ಡ ಎಂದುಬಿಡುತ್ತೇವೆ.

ನಮ್ಮ ದೇಶದಲ್ಲಿ ಈ ವಿಷಯವನ್ನು ಬೆಳಕಿಗೆ ತಂದವರಲ್ಲಿ ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಪ್ರಮುಖರು. 1990ರ ದಶಕದ ಕೊನೆಯಲ್ಲಿ ಅವರೂ ಜೊತೆಗಾರರೂ ದೊಡ್ಡ ನಗರಗಳ ಸಾವಿರಾರು ಜನರ ರಕ್ತ ಪರೀಕ್ಷಿಸಿ, ಮಕ್ಕಳ ಮೈಯಲ್ಲಿ ಎಷ್ಟು ಸೀಸ ಸೇರಿದೆ ಎಂದು ತೋರಿಸಿದರು. 2000ದಲ್ಲಿ ದೇಶದಾದ್ಯಂತ ಸೀಸ ಬೆರೆಸಿದ ಪೆಟ್ರೋಲು ನಿಂತಿತು. ಅಳೆದದ್ದರಿಂದ ಹೀಗೂ ಒಳ್ಳೆಯದಾಗುತ್ತದೆ. ಬಾಂಗ್ಲಾದೇಶದಲ್ಲಿ ಅರಿಶಿನಕ್ಕೆ ಹೊಳಪು ಬರಲೆಂದು ಸೀಸದ ಹಳದಿ ಬಣ್ಣ ಹಾಕುತ್ತಿದ್ದರು. ಬಸುರಿಯರ ರಕ್ತದಲ್ಲಿ ಸೀಸ ಕಂಡ ವಿಜ್ಞಾನಿಗಳು ಅದರ ಮೂಲ ಹುಡುಕುತ್ತ ಅರಿಶಿನದ ಪೇಟೆಗೆ ಬಂದರು. 2019ರಲ್ಲಿ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತು. ಸರ್ಕಾರ ವ್ಯಾಪಾರಿಗಳಿಗೆ ತಿಳಿಹೇಳಿತು, ದಂಡವನ್ನೂ ಹಾಕಿತು. 2021ರಲ್ಲಿ ಒಂದರಲ್ಲೂ ಇರಲಿಲ್ಲ.

ನಮ್ಮ ಶಾಲೆಗೆ ಸಂಬಂಧಿಸಿದ ಒಂದು ಮಾತು. ಹೊಟ್ಟೆ ಖಾಲಿ ಇದ್ದರೆ, ಸುಣ್ಣ ಮತ್ತು ಕಬ್ಬಿಣದ ಅಂಶ ಕಡಿಮೆ ಇದ್ದರೆ, ಮೈ ಸೀಸವನ್ನು ಹೆಚ್ಚು ಹೀರುತ್ತದೆ. ಹಾಗಾಗಿ ಬಿಸಿಯೂಟ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಮನೆಯ ರಾಗಿ, ಸೊಪ್ಪು, ಇವೆಲ್ಲ ಒಂದು ಲೆಕ್ಕದಲ್ಲಿ ವಿಷಕ್ಕೆ ತಡೆಗೋಡೆಯೂ ಹೌದು.

ಇನ್ನು ಆರ್ಸೆನಿಕ್, ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದ ಪದಾರ್ಥದ ಮೂಲ. ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ ಚಿನ್ನದ ಅದಿರಿನ ಕಲ್ಲಿರುವ ಕಡೆ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಇದು ಸಿಕ್ಕಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ವರ್ಷಗಳ ಮೇಲೆ ಅಂಗೈ ಅಂಗಾಲಿನಲ್ಲಿ ಗಂಟು, ಮೈಮೇಲೆ ಚುಕ್ಕೆ, ಮುಂದೆ ಕ್ಯಾನ್ಸರೂ ಆಗಬಹುದು. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಒಂದು ಗ್ರಾಂನ ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು. ಇದು ಕಣ್ಣಿಗೆ ಕಾಣುವುದಲ್ಲ. ಹೊಸ ಬೋರ್ ಕೊರೆಸಿದರೆ ನೀರು ಸಿಕ್ಕಿತು ಎಂದು ತೆಂಗಿನಕಾಯಿ ಒಡೆಯುತ್ತೇವೆ. ಒಂದು ಬಾಟಲಿ ನೀರನ್ನು ಪರೀಕ್ಷೆಗೂ ಕೊಡೋಣ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಊರಲ್ಲಿ ಯಾವ ಕಾಯಿಲೆ ಬಂದರೂ "ಎಲ್ಲಾ ಎಣ್ಣಿಯಿಂದ" ಎನ್ನುವುದು ಈಗ ರೂಢಿಯಾಗಿದೆ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಕೀಲು ಮತ್ತು ಸೊಂಟದ ಕಾಯಿಲೆ ಕಾಣಿಸಿಕೊಂಡಾಗ, ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಸಂಶಯ ಬಂದಿತ್ತು. ಆಮೇಲಿನ ಸಂಶೋಧನೆ ಅದು ವಂಶವಾಹಿಯ ಕಾಯಿಲೆ ಎಂದು ತೋರಿಸಿತು. ಇತ್ತ ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳ ಜನರ ನೋವನ್ನು ವರ್ಷಗಟ್ಟಲೆ ಯಾರೂ ಕೇಳಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಒಂದು ಕಡೆ ಬೇಗ ನಂಬಿದೆವು, ಇನ್ನೊಂದು ಕಡೆ ನಂಬಲು ತಡಮಾಡಿದೆವು. ಎರಡಕ್ಕೂ ಮದ್ದು ಒಂದೇ: ಸರಿಯಾಗಿ ನೋಡುವುದು, ಅಳೆಯುವುದು, ಬಂದ ಉತ್ತರವನ್ನು ಮುಚ್ಚಿಡದಿರುವುದು.

ಈಗ ನಮ್ಮ ಹೊಲಗಳಲ್ಲಿ ಹತ್ತಿಯ ಜಾಗಕ್ಕೆ ಗೋವಿನಜೋಳ ಬಂದಿದೆ. ಆದರೆ 2018ರಲ್ಲಿ ಅದಕ್ಕೂ ಸೈನಿಕ ಹುಳು ಬಂತು. ಡಬ್ಬಿಗಳು ಹೋಗಿಲ್ಲ. ಆದ್ದರಿಂದ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಸಿಂಪಡಿಸುವವರಿಗೆ ವಿಷ ಹೆಚ್ಚಾಗಿ ಹೋಗುವುದು ಮೂಗಿನಿಂದಲ್ಲ, ಚರ್ಮದಿಂದ. ಪ್ಯಾರಾಥಿಯಾನ್ ಮೇಲೆ ನಡೆದ ಹಳೆಯ ಅಧ್ಯಯನವೊಂದರಲ್ಲಿ ಮುಂಗೈಗಿಂತ ಹಣೆಯ ಚರ್ಮ ಸುಮಾರು 4 ಪಟ್ಟು, ಗಂಡಸರ ಗುಪ್ತಾಂಗದ ಚರ್ಮ ಸುಮಾರು 12 ಪಟ್ಟು ಹೀರಿತ್ತು. ಬಾಯಿಗೆ ಟವೆಲ್ ಕಟ್ಟಿಕೊಂಡು ಚಡ್ಡಿ ತೊಯ್ಸಿಕೊಂಡರೆ ಏನೂ ಉಪಯೋಗವಿಲ್ಲ. ಕೈಗೆ ಗ್ಲೌಸು, ಸೊಂಟದಿಂದ ಕೆಳಗೆ ಪ್ಲಾಸ್ಟಿಕ್ ಹಾಳೆ, ಸೋರದ ಪಂಪು. ಕೆಲಸ ಮುಗಿದ ಕೂಡಲೇ ಸೋಪಿನ ಸ್ನಾನ, ಆಮೇಲೆ ಚಹಾ, ಬೀಡಿ. ಆ ಬಟ್ಟೆ ಬೇರೆ ಒಗೆಯಬೇಕು, ಆದರೆ ತೊಟ್ಟವರೇ ಒಗೆಯಲಿ.

ಎರಡು, ಖಾಲಿ ಡಬ್ಬಿಯನ್ನು ತೂತು ಮಾಡಿ, ಜಜ್ಜಿ ಹಾಕಿ. ಮನೆಗೆ ತರಬೇಡಿ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ತಿಂದ 23 ಮಕ್ಕಳು ಸತ್ತರು. ಅಡುಗೆಗೆ ಸೇರಿದ್ದದ್ದು ಮೋನೋಕ್ರೊಟೊಫಾಸ್, ನಮ್ಮ ಡಬ್ಬಿಯಲ್ಲಿದ್ದದ್ದೇ.

ಮೂರು, ಯಾರಾದರೂ ಬಿದ್ದರೆ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ, ನಿಜ ಹೇಳಿ. ಕುಡಿದೇ ಇದ್ದರೂ ನಿಜ ಹೇಳಿ. ಡಾಕ್ಟರಿಗೆ ಬೇಕಾದದ್ದು ವಿಷದ ಹೆಸರು, ನಮ್ಮ ಮನೆತನದ ಮಾನವಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ಶಿಕ್ಷಿಸದೆ ಆರೈಕೆ ಮಾಡಬೇಕು ಎಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಆಶಯ. ಹೆದರಿ ಕಳೆಯುವ ಒಂದು ಗಂಟೆಯಲ್ಲಿ ಜೀವ ಹೋಗುತ್ತದೆ.

ನಾಲ್ಕು, ಮಕ್ಕಳೇ, ಇದು ನಿಮಗೆ. ನಿಮ್ಮ ಮನೆಯಲ್ಲಿ ಡಬ್ಬಿಯ ಕಾಗದ ಓದಬಲ್ಲವರು ನೀವೇ ಇರಬಹುದು. ಓದಿ. ಜೋರಾಗಿ ಓದಿ ಎಲ್ಲರಿಗೂ ಕೇಳಿಸಿ. ಕೆಳಗಿನ ತ್ರಿಕೋನ ಯಾವ ಬಣ್ಣ, ಪಂಪಿಗೆ ಎಷ್ಟು ಮಿಲಿ, ಎಷ್ಟು ದಿನ ಹೊಲಕ್ಕೆ ಇಳಿಯಬಾರದು ಎಂದು ಹೇಳಿ. ಕಲಸುವ ಕೆಲಸಕ್ಕೆ ಮಾತ್ರ ನೀವು ಹೋಗಬೇಡಿ. ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡಿದ್ದೇನೆ, ಆ ನಾಲ್ಕು ಬಣ್ಣದ ಚೌಕಗಳನ್ನು ಶಾಲೆಯ ಹೊರಗೋಡೆಯ ಮೇಲೆ, ಬಸ್ ನಿಲ್ಲುವ ಕಡೆಗೆ ಕಾಣುವಂತೆ ದೊಡ್ಡದಾಗಿ ಬರೆಸುವುದೆಂದು. ಅದರ ಖರ್ಚು ನನ್ನದು.

ಆ ಮೂರನೇ ಮುಚ್ಚಳದ ವಿಷಯವನ್ನು ನಾನು ಅಣ್ಣನಿಗೆ ನಲವತ್ತು ವರ್ಷ ಹೇಳಿರಲಿಲ್ಲ. ಹೋದ ವರ್ಷ ಹೇಳಿದೆ. ಅವನು ನಕ್ಕುಬಿಟ್ಟ. "ನೀ ನೀರಿಗೆ ಹೋದಾಗ ನಾನೂ ಒಂದು ಮುಚ್ಚಳ ಹಾಕಿದ್ದೆ ತಂಗಿ, ಸಾಕಾಗಲಿಕ್ಕಿಲ್ಲ ಅಂತ" ಎಂದ. ಅಪ್ಪ ಒಂದು, ನಾನು ಸುಮ್ಮನೆ ಒಪ್ಪಿದ್ದು ಒಂದು, ಅಣ್ಣ ಒಂದು. ಯಾರೂ ಓದಲಿಲ್ಲ. ಅಣ್ಣ ಇವತ್ತು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಡಿದ ಸರ್ ಈಗ ನಮ್ಮೊಡನೆ ಇಲ್ಲ. ಐವತ್ತು ವರ್ಷದಲ್ಲಿ ಈ ಶಾಲೆ ಏನು ಮಾಡಿತು ಎಂದು ಯಾರಾದರೂ ಕೇಳಿದರೆ, ನಾನು ಆ ಮೂರನೇ ಸಾಲಿನ ಕಡೆ ಕೈ ತೋರಿಸುತ್ತೇನೆ.